ಪಪೈರಸ್ ಕೊಳ್ಳುವ ಮುಂಚೆ ಬೆಳಕಿಗೆ ಹಿಡಿಯಿರಿ

ಕೈರೋದ ಖಾನ್ ಅಲ್ ಖಲೀಲಿ ಬಜಾರಿಗೆ ಹೋದರೆ ಅಂಗಡಿ ಅಂಗಡಿಯಲ್ಲೂ ಪುರಾತನ ಈಜಿಪ್ಟಿನ ದೊರೆ ತುತಂಖಾಮನ್, ರಾಣಿ ನೆಫರ್ತಿತಿಯ ಚಿತ್ರಗಳಿರುವ ಹಾಳೆಗಳು ತೂಗುತ್ತಿರುತ್ತವೆ. ಎಲ್ಲರೂ ಅಸಲಿ ಪಪೈರಸ್, ಅಂದರೆ ಅದೇ ಹೆಸರಿನ ಗಿಡದಿಂದ ಮಾಡಿದ ಹಾಳೆ, ಅಂತಲೇ ಮಾರುತ್ತಾರೆ. ಆದರೆ ತೀರಾ ಅಗ್ಗಕ್ಕೆ ಸಿಗುವ ಹಾಳೆ ಎಷ್ಟೋ ಸಲ ಬಾಳೆ ಎಲೆಯಿಂದಲೋ ಕಬ್ಬಿನ ನಾರಿನಿಂದಲೋ ಮಾಡಿದ್ದಾಗಿರುತ್ತದೆ. ಕೊಳ್ಳುವ ಮುಂಚೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅಸಲಿಯಲ್ಲಿ ಕಂದು ಬಣ್ಣದ ನಾರುಗಳು ಉದ್ದಕ್ಕೂ ಅಡ್ಡಕ್ಕೂ ಹಾದುಹೋಗಿರುವುದು ಕಾಣುತ್ತದೆ.

ಆ ಗೆರೆಗಳು ಗಿಡದ್ದೇ. ನೀರಿನಲ್ಲಿ ಬೆಳೆಯುವ ಪಪೈರಸ್, ನಮ್ಮ ಹೊಲಗಳಲ್ಲಿ ರೈತರನ್ನು ಕಾಡುವ ತುಂಗೆ ಗಡ್ಡೆಯ ಕುಲಕ್ಕೇ ಸೇರಿದ್ದು. ಎತ್ತರ ಮಾತ್ರ ನಾಲ್ಕೈದು ಮೀಟರ್! ದಂಟನ್ನು ಅಡ್ಡ ಕೊಯ್ದರೆ ಮೂರು ಮೂಲೆ. ಹಸಿರು ಸಿಪ್ಪೆಯ ಒಳಗೆ ಬಿಳಿ ತಿರುಳು. ಕೆಸರಲ್ಲಿರುವ ಬೇರಿಗೂ ಗಾಳಿ ಸಿಗಬೇಕಲ್ವಾ, ಅದಕ್ಕೇ ತಿರುಳಿನ ತುಂಬ ಗಾಳಿಯ ಗೂಡುಗಳು. ದಂಟು ತೇಲುವುದೂ ಇದರಿಂದಲೇ. 1970ರಲ್ಲಿ ನಾರ್ವೆಯ ಸಾಹಸಿ ಥೋರ್ ಹೆಯರ್ಡಾಲ್ ಮತ್ತು ಸಂಗಡಿಗರು ಪಪೈರಸ್ ದೋಣಿಯಲ್ಲಿ ಮೊರಾಕ್ಕೋದಿಂದ ಬಾರ್ಬಡೋಸ್‌ವರೆಗೆ ಅಟ್ಲಾಂಟಿಕ್ ದಾಟಿದರು.

ಹಾಳೆ ಮಾಡುವವರು ಸಿಪ್ಪೆ ಸುಲಿದು, ತಿರುಳನ್ನು ಉದ್ದುದ್ದ ತೆಳು ಪಟ್ಟಿಗಳಾಗಿ ಸೀಳುತ್ತಾರೆ. ಕೆಲವು ದಿನ ನೀರಲ್ಲಿ ನೆನೆಸುತ್ತಾರೆ. ಜಾಸ್ತಿ ನೆನೆದಷ್ಟೂ ಬಣ್ಣ ಗಾಢ. ಆಮೇಲೆ ಬಟ್ಟೆಯ ಮೇಲೆ ಒಂದರ ಅಂಚಿಗೆ ಇನ್ನೊಂದರ ಅಂಚು ಕೂರುವಂತೆ ಪಟ್ಟಿಗಳನ್ನು ಜೋಡಿಸಿ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಪದರ ಹಾಕುತ್ತಾರೆ. ಭಾರ ಹೇರಿ ದಿನಗಟ್ಟಲೆ ಒತ್ತುತ್ತಾರೆ. ಒತ್ತಡಕ್ಕೆ ಗಾಳಿಗೂಡುಗಳು ಕುಸಿದು ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ. ಬೇರೆ ಅಂಟು ಬೇಡ. ಅಸಲಿ ಹಾಳೆಯನ್ನು ಸುರುಳಿ ಸುತ್ತಿದರೂ ಅದು ಬಿರುಕು ಬಿಡದಿರುವುದಕ್ಕೆ ಈ ಅಡ್ಡ-ಉದ್ದ ಪದರಗಳೇ ಕಾರಣ. ಬಾಳೆ ಎಲೆಯದ್ದು ಸುತ್ತಿದರೆ ಸೀಳುತ್ತದೆ.

ಇದರ ಬಾಳಿಕೆ ನೆನೆದರೆ ಮೈ ಜುಮ್ಮೆನ್ನುತ್ತದೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಸುಮಾರು 4,500 ವರ್ಷ ಹಳೆಯ ಪಪೈರಸ್‌ಗಳು ಸಿಕ್ಕವು. ಅವುಗಳಲ್ಲಿ ಮೆರೆರ್ ಎಂಬ ಅಧಿಕಾರಿಯ ದಿನಚರಿ ಇದೆ. ಖುಫು ದೊರೆಯ ಮಹಾ ಪಿರಮಿಡ್ಡಿಗಾಗಿ ತುರಾದ ಕಲ್ಲುಗಣಿಯಿಂದ ಗೀಜಾಕ್ಕೆ ದೋಣಿಯಲ್ಲಿ ಸುಣ್ಣದ ಕಲ್ಲು ಸಾಗಿಸಿದ ಲೆಕ್ಕ ಅದು! ಅಲ್ಲಿನ ಒಣ ಹವೆ ಅದನ್ನು ಕಾಪಾಡಿತು.

ಅಂಥ ಕಸುಬು ಕಾಗದ ಬಂದ ಮೇಲೆ ಮರೆತೇ ಹೋಯಿತು. ನೈಲ್ ದಡದಲ್ಲಿ ಗಿಡವೂ ಹೆಚ್ಚುಕಡಿಮೆ ಇಲ್ಲವಾಯಿತು. 1960ರ ದಶಕದಲ್ಲಿ ಇಂಜಿನಿಯರ್, ಮಾಜಿ ರಾಯಭಾರಿ ಹಸನ್ ರಗಾಬ್ ಸುಡಾನ್‌ನಿಂದ ಗಿಡ ತರಿಸಿ ಬೆಳೆಸಿದರು, ಪ್ರಯೋಗ ಮಾಡಿ ಮಾಡಿ ಹಾಳೆಯ ವಿಧಾನ ಕಂಡುಕೊಂಡರು. ಇವತ್ತು ನೈಲ್ ಮುಖಜಭೂಮಿಯ ಅಲ್ ಕರಾಮೂಸ್ ಹಳ್ಳಿಯಲ್ಲಿ ಗಿಡ ಬೆಳೆದು, ಹಾಳೆ ಮಾಡಿ, ಚಿತ್ರ ಬಿಡಿಸುವ ಮನೆಗಳಿವೆ. 2011ರ ಕ್ರಾಂತಿಯ ನಂತರ ಪ್ರವಾಸಿಗರು ಕಡಿಮೆಯಾಗಿ ಅವರಿಗೆ ದೊಡ್ಡ ಪೆಟ್ಟು ಬಿತ್ತು. ನಾವು ಸುಮ್ನೆ ಅಗ್ಗ ಅಂತ ಬಾಳೆ ಎಲೆಯದ್ದು ಕೊಂಡರೆ ಇವರ ಹೊಟ್ಟೆಗೆ ಹೊಡೆದಂತೆಯೇ.

ಹಾಳೆ ಅಸಲಿ ಇದ್ದರೂ ಚಿತ್ರ ಅಚ್ಚು ಹಾಕಿದ್ದಿರಬಹುದು. ಕೈಯಿಂದ ಬರೆದದ್ದರಲ್ಲಿ ಕುಂಚದ ಗುರುತು ಕಾಣುತ್ತದೆ, ಬೆಲೆಯೂ ಜಾಸ್ತಿ. ಯಾರಾದರೂ ಪುರಾತನ ಕಾಲದ ಹಾಳೆ ಕೊಡ್ತೀನಿ ಅಂದರೆ ಮಾತ್ರ ಬೇಡವೇ ಬೇಡ. ಈಜಿಪ್ಟಿನ 1983ರ ಕಾನೂನಿನ ಪ್ರಕಾರ ಅಂಥದ್ದನ್ನು ಮಾರುವುದೂ ದೇಶದಾಚೆ ಒಯ್ಯುವುದೂ ಅಪರಾಧ.