ಡ್ರಾಕುಲಾನ ಕಾಲರ್ ಅಷ್ಟು ಎತ್ತರ ಏಕೆ?

ರಕ್ತ ಹೀರುವ ಪಿಶಾಚಿಯ, ಅಂದರೆ ವ್ಯಾಂಪೈರ್‌ನ ಹೊಸ ಸಿನಿಮಾ ಬಂದಾಗಲೆಲ್ಲ ಒಂದು ಜಗಳ ಗ್ಯಾರಂಟಿ. ಹಗಲಲ್ಲಿ ಓಡಾಡುತ್ತಾನಲ್ಲ, ಇವನೆಂಥ ವ್ಯಾಂಪೈರ್? ಕನ್ನಡಿಯಲ್ಲಿ ಮುಖ ಕಾಣಿಸಿತಲ್ಲ, ರೂಲ್ಸ್ ಮುರಿದುಬಿಟ್ಟರು! 2008ರಲ್ಲಿ 'ಟ್ವೈಲೈಟ್' ಸಿನಿಮಾದ ಹುಡುಗ ಬಿಸಿಲಿಗೆ ಸುಟ್ಟುಹೋಗುವ ಬದಲು ಮಿಣಮಿಣ ಹೊಳೆದಾಗಂತೂ ಜಗಳ ತಾರಕಕ್ಕೇರಿತ್ತು. ಆದರೆ ಈ ರೂಲ್ಸ್ ಬರೆದವರು ಯಾರು? ಕೆದಕುತ್ತಾ ಹೋದರೆ, ಹಳೇ ನಂಬಿಕೆ ಅಂತ ನಾವು ಒಪ್ಪಿಕೊಂಡಿರುವುದರಲ್ಲಿ ಎಷ್ಟೋ ಸಂಗತಿಗಳು ರಂಗಮಂಚದ ಅನುಕೂಲಕ್ಕೆ ಹುಟ್ಟಿದವು ಅಂತ ಗೊತ್ತಾಗುತ್ತದೆ.

ಮೊದಲಿಗೆ ಕೋಟೆಯೂ ಇರಲಿಲ್ಲ, ಕರಿ ಕೋಟೂ ಇರಲಿಲ್ಲ. 1725ರಲ್ಲಿ ಸರ್ಬಿಯಾದ ಒಂದು ಹಳ್ಳಿಯಲ್ಲಿ, ಸತ್ತವನು ಎದ್ದು ಬಂದು ಕಾಡುತ್ತಿದ್ದಾನೆ ಅಂತ ಜನ ಗೋರಿ ಅಗೆದರು. ಹೆಣಕ್ಕೆ ಗೂಟ ಹೊಡೆದು ಸುಟ್ಟರು. ಅಂಥ ಪಿಶಾಚಿ ಊದಿಕೊಂಡ ಮೈಯ, ಕೆಂಪು ಮುಖದ ಬಡ ರೈತ. ಅವನನ್ನು ಸಾಹುಕಾರನನ್ನಾಗಿ ಮಾಡಿದ್ದು 1819ರಲ್ಲಿ ಪ್ರಕಟವಾದ ಜಾನ್ ಪೊಲಿಡೊರಿಯ ಕಥೆ. ಆಮೇಲೆ ಅವನು ಮತ್ತೆ ಹೊಲದ ಕಡೆ ಹೋಗಿದ್ದು ಕಡಿಮೆ.

ಸಿನಿಮಾಗಳಿಗೆ ಕಥೆಯ ಅಸ್ಥಿಪಂಜರ ಸಿಕ್ಕಿದ್ದು 1897ರಲ್ಲಿ, ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಕಾದಂಬರಿಯಿಂದ. ಹೊರಗಿನವನೊಬ್ಬ ಕೆಲಸದ ಮೇಲೆ ದೂರದ ಕೋಟೆಗೆ ಹೊರಡುತ್ತಾನೆ. ಊರವರು ಬೇಡ ಅನ್ನುತ್ತಾರೆ, ಅವನು ಕೇಳುವುದಿಲ್ಲ. ಅತ್ತ ನಗರದಲ್ಲಿ ಒಬ್ಬ ಹುಡುಗಿ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಾಳೆ. ಡಾಕ್ಟರಿಗೆ ಏನೂ ತೋಚುವುದಿಲ್ಲ. ಹೊರದೇಶದಿಂದ ವಯಸ್ಸಾದ ಪ್ರೊಫೆಸರ್ ಬರುತ್ತಾರೆ. ಮೊದಲನೇ ಹುಡುಗಿ ಉಳಿಯುವುದಿಲ್ಲ, ಎರಡನೆಯವಳನ್ನು ಉಳಿಸಲು ಓಟ ಶುರು. ಕನ್ನಡಿಯಲ್ಲಿ ಬಿಂಬ ಇಲ್ಲದಿರುವುದು, ಮನೆಯವರು ಕರೆಯದೆ ಮೊದಲ ಸಲ ಒಳಗೆ ಬರಲಾಗದಿರುವುದು, ಇವೂ ಅದೇ ಪುಸ್ತಕದಲ್ಲಿವೆ.

ಆದರೆ ಆ ಪುಸ್ತಕದ ಡ್ರಾಕುಲಾ ಈಗ ಎದುರಿಗೆ ಬಂದರೆ ನಮಗೆ ಗುರುತೇ ಸಿಗುವುದಿಲ್ಲ. ಬಿಳಿ ಮೀಸೆ, ಅಂಗೈ ಮೇಲೆ ಕೂದಲು, ಬಾಯಲ್ಲಿ ನಾತ. ಲಂಡನ್ನಿನ ಪಿಕಾಡಿಲಿಯಲ್ಲಿ ಹಗಲು ಹೊತ್ತಲ್ಲೇ ಆರಾಮಾಗಿ ನಿಂತಿರುತ್ತಾನೆ. ಅವನು ಸಾಯುವುದು ಬಿಸಿಲಿಗೂ ಅಲ್ಲ, ಗೂಟಕ್ಕೂ ಅಲ್ಲ. ಎರಡು ಚಾಕುಗಳಿಗೆ.

ಬಿಸಿಲು ಬಂದಿದ್ದು 1922ರಲ್ಲಿ, ಜರ್ಮನಿಯಿಂದ. ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ 'ನೊಸ್ಫೆರಾಟು' ಸ್ಟೋಕರ್ ಕಥೆಯನ್ನೇ ಅನುಮತಿ ಇಲ್ಲದೆ, ಹೆಸರು ಬದಲಿಸಿ ತೆಗೆದ ಮೂಕಿ ಚಿತ್ರ. ಅದರಲ್ಲಿ ನಾಯಕಿ ತನ್ನನ್ನೇ ಒಪ್ಪಿಸಿಕೊಂಡು ಪಿಶಾಚಿಯನ್ನು ಕೋಳಿ ಕೂಗುವ ತನಕ ತಡೆದು ನಿಲ್ಲಿಸುತ್ತಾಳೆ. ಬೆಳಕು ಬೀಳುತ್ತದೆ, ಅವನು ಕರಗಿಹೋಗುತ್ತಾನೆ. ಸ್ಟೋಕರ್‌ನ ಹೆಂಡತಿ ಕೋರ್ಟಿಗೆ ಹೋದರು. 1925ರಲ್ಲಿ ಚಿತ್ರದ ಪ್ರತಿಗಳನ್ನು ನಾಶ ಮಾಡಬೇಕೆಂಬ ಆದೇಶವೂ ಬಂತು. ಅಲ್ಲಿ ಇಲ್ಲಿ ಕೆಲವು ಪ್ರತಿಗಳು ಉಳಿದುಕೊಂಡವು. ಅವುಗಳ ಜೊತೆ ಆ ಬಿಸಿಲೂ ಉಳಿಯಿತು.

ನನಗೆ ಜಾಸ್ತಿ ಇಷ್ಟವಾಗುವುದು ಈ ಚಿತ್ರ ಬಂದ ನಂತರದ ಏಳೆಂಟು ವರ್ಷ. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಎಂಬ ನಟ ಕಾದಂಬರಿಯನ್ನು ನಾಟಕ ಮಾಡಿ ಇಂಗ್ಲೆಂಡಿನ ಡರ್ಬಿಯಲ್ಲಿ ಆಡಿಸಿದ. ಇದಕ್ಕೆ ಸ್ಟೋಕರ್‌ನ ಹೆಂಡತಿಯ ಅನುಮತಿ ಇತ್ತು. ಆದರೆ ಬೆಟ್ಟ, ಹಡಗು, ತೋಳದ ಹಿಂಡು ಇವನ್ನೆಲ್ಲ ರಂಗದ ಮೇಲೆ ತರುವುದು ಹೇಗೆ? ತರಲಿಲ್ಲ. ಕಥೆಯನ್ನು ಎತ್ತಿ ಮನೆಯ ಹಜಾರಕ್ಕೆ ಹಾಕಿದರು. ಹಜಾರಕ್ಕೆ ಬರುವವನ ಬಾಯಿ ನಾರಿದರೆ ಯಾರು ಸೇರಿಸಿಕೊಳ್ಳುತ್ತಾರೆ? ಹಾಗಾಗಿ ಡ್ರಾಕುಲಾ ಸಂಜೆಯ ಸೂಟು ಹಾಕಿದ, ನಯವಾಗಿ ಮಾತಾಡುವ ನೆಂಟನಾದ.

ಇನ್ನು ಆ ಕಾಲರ್. ಎಲ್ಲರ ಕಣ್ಣೆದುರೇ ಡ್ರಾಕುಲಾ ಮಾಯವಾಗಬೇಕಿತ್ತು. ಅದಕ್ಕೊಂದು ಉಪಾಯ ಮಾಡಿದರು. ಹೆಗಲಿನಿಂದ ಇಳಿಬಿಡುವ ಉದ್ದನೆಯ ಹೊದಿಕೆ, ಅಂದರೆ ಕೇಪ್, ಅದಕ್ಕೆ ತಲೆಯ ಹಿಂಭಾಗ ಮುಚ್ಚುವಷ್ಟು ಎತ್ತರದ, ಗಟ್ಟಿ ಕಾಲರ್. ನಟ ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಂತರೆ ಕಾಣುವುದು ಬರೀ ಬಟ್ಟೆ. ಉಳಿದವರು ಅವನನ್ನು ಹಿಡಿದುಕೊಂಡಂತೆ ಕೇಪ್ ಹಿಡಿಯುತ್ತಾರೆ, ಅವನು ನೆಲದ ಗುಪ್ತ ಬಾಗಿಲಿನಿಂದ ಕೆಳಗೆ ಜಾರಿಕೊಳ್ಳುತ್ತಾನೆ. ಕೈಯಲ್ಲಿ ಉಳಿಯುವುದು ಖಾಲಿ ಕೇಪ್. ಇಷ್ಟೇ ಅದರ ಗುಟ್ಟು. ಸಿನಿಮಾದಲ್ಲಿ ಒಂದು ಕಟ್ ಮಾಡಿದರೆ ಮನುಷ್ಯ ಮಾಯ, ಕಾಲರ್ ಬೇಕಾಗಿಯೇ ಇಲ್ಲ. ಆದರೂ ನೂರು ವರ್ಷದಿಂದ ಡ್ರಾಕುಲಾ ವೇಷ ಅಂದರೆ ಅದೇ ಕಾಲರ್, ಅಲ್ವಾ?

1927ರಲ್ಲಿ ತಿದ್ದಿದ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು. ಮುಖ್ಯ ಪಾತ್ರಕ್ಕೆ ಹಂಗೇರಿಯ ಬೇಲಾ ಲುಗೋಸಿ. 1931ರಲ್ಲಿ ಟಾಡ್ ಬ್ರೌನಿಂಗ್ ನಿರ್ದೇಶನದಲ್ಲಿ ಯೂನಿವರ್ಸಲ್ ಸ್ಟುಡಿಯೋ ಚಿತ್ರ ತೆಗೆದಾಗ ನಾಟಕದ ಜೊತೆ ಲುಗೋಸಿಯೂ ಬಂದರು. ಆ ಚಿತ್ರ ಈಗ ನೋಡಿದರೆ ವಿಚಿತ್ರವಾಗಿ ಎರಡು ತುಂಡು. ಮೊದಲ ಭಾಗ ಕೋಟೆಯಲ್ಲಿ, ಪೂರ್ತಿ ಸಿನಿಮಾ. ಮೆಟ್ಟಿಲಿಗೆ ಅಡ್ಡವಾಗಿ ದೊಡ್ಡ ಜೇಡರ ಬಲೆ. ಡ್ರಾಕುಲಾ ಅದನ್ನು ದಾಟಿಹೋಗಿರುತ್ತಾನೆ, ಒಂದು ಎಳೆಯೂ ಹರಿದಿರುವುದಿಲ್ಲ. ಹಿಂದೆ ಬಂದ, ಕೆಲಸದ ಮೇಲೆ ಕೋಟೆಗೆ ಬಂದಿರುವ ರೆನ್‌ಫೀಲ್ಡ್ ಕೈಯಲ್ಲಿದ್ದ ಕೋಲಿನಿಂದ ಬಲೆ ಹರಿದುಕೊಂಡು ಹತ್ತಬೇಕು. ಒಂದು ಮಾತಿಲ್ಲದೆ ಎಲ್ಲ ಹೇಳಿಬಿಟ್ಟರು.

ಎರಡನೇ ಭಾಗ ಮತ್ತೆ ಹಜಾರ. ಒಬ್ಬ ಕಿಟಕಿಯ ಹತ್ತಿರ ನಿಂತು, ಹುಲ್ಲಿನ ಮೇಲೆ ದೊಡ್ಡ ನಾಯಿ ಓಡಿತು ಅನ್ನುತ್ತಾನೆ. ನಾಯಿಯೋ ತೋಳವೋ ಅಂತ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಕೇಳುತ್ತಾರೆ. ನಮಗೆ ಎರಡೂ ಕಾಣಿಸುವುದಿಲ್ಲ. ರಂಗದ ಮೇಲೆ ತೋಳ ತರಲು ಆಗದ್ದಕ್ಕೆ ಮಾಡಿಕೊಂಡ ಏರ್ಪಾಡು ಹಾಗೇ ಕ್ಯಾಮೆರಾ ಮುಂದೆ ಬಂದು ಕೂತಿದೆ. ಪ್ರೊಫೆಸರ್ ಕೆಲಸವೂ ಅಷ್ಟೇ. ರೂಲ್ಸ್ ಏನು ಅಂತ ಹೇಳಿಕೊಡುವ ಮೇಷ್ಟ್ರು. ಮುಂದಿನ ಎಷ್ಟೋ ಚಿತ್ರಗಳಲ್ಲೂ ಅವರಂಥ ಒಬ್ಬರು ಇರಲೇಬೇಕಾಯಿತು.

ಈ ಚಿತ್ರದಲ್ಲಿ ಲುಗೋಸಿಗೆ ಕೋರೆಹಲ್ಲೇ ಇಲ್ಲ. ಕಚ್ಚುವುದನ್ನೂ ತೋರಿಸಿಲ್ಲ. ಕೊನೆಗೆ ಗೂಟ ಹೊಡೆಯುವಾಗ ಕೇಳುವುದು ಬರೀ ಒಂದು ನರಳಾಟ. ಅಷ್ಟಕ್ಕೇ ಎದೆ ಝಲ್ ಅನ್ನುತ್ತದೆ.

ಒಂದೇ ದೃಶ್ಯ ಕಾಲಕ್ಕೆ ತಕ್ಕಂತೆ ಹೇಗೆ ಬಟ್ಟೆ ಬದಲಿಸಿತು ಅಂತ ನೋಡಬೇಕಾದರೆ ರಕ್ತದ ಹನಿಯನ್ನು ಹಿಂಬಾಲಿಸಬೇಕು. ಕೋಟೆಗೆ ಬಂದವನಿಗೆ ಚಿಕ್ಕ ಗಾಯ, ಅದನ್ನು ಕಂಡು ಆತಿಥೇಯನ ಮುಖವೇ ಬೇರೆ. 1897ರಲ್ಲಿ ಗಾಯ ಆಗಿದ್ದು ಗಡ್ಡ ಹೆರೆಯುವ ಕತ್ತಿಯಿಂದ. 1922ರಲ್ಲಿ ಬ್ರೆಡ್ ಕೊಯ್ಯುವ ಚಾಕುವಿನಿಂದ. 1931ರಲ್ಲಿ? ಕಾಗದಕ್ಕೆ ಹಾಕಿದ್ದ ಕ್ಲಿಪ್ ಚುಚ್ಚಿ. ಕೋಟೆಯೊಳಕ್ಕೆ ಆಫೀಸು ಬಂದಿತ್ತು!

ಆಮೇಲಿನ ಕಥೆಯಲ್ಲಿ ನಿಲ್ಲಬೇಕಾದ ಜಾಗ ಒಂದೇ, 1958. ಇಂಗ್ಲೆಂಡಿನ ಹ್ಯಾಮರ್ ಕಂಪನಿ ಡ್ರಾಕುಲಾನನ್ನು ಬಣ್ಣದಲ್ಲಿ ತಂದಿತು. ಕ್ರಿಸ್ಟೋಫರ್ ಲೀಗೆ ಕೋರೆಹಲ್ಲು, ಕೆಂಪು ಕಣ್ಣು, ತುಟಿಯಲ್ಲಿ ಹಸಿ ರಕ್ತ. ಟರ್ಕಿಯ ಮತ್ತು ಮೆಕ್ಸಿಕೋದ ಚಿತ್ರಗಳಲ್ಲಿ ಕೋರೆಹಲ್ಲು ಅದಕ್ಕೂ ಮೊದಲೇ ಬಂದಿತ್ತು, ಆದರೆ ಲೋಕದ ಕಣ್ಣಿಗೆ ಬಿದ್ದಿದ್ದು ಲೀ ಹಲ್ಲು. ಕೊನೆಯಲ್ಲಿ ವ್ಯಾನ್ ಹೆಲ್ಸಿಂಗ್ ಪಾತ್ರದ ಪೀಟರ್ ಕುಶಿಂಗ್ ಮೇಜಿನ ಮೇಲೆ ಓಡಿ, ಹಾರಿ ಪರದೆ ಕಿತ್ತೆಳೆಯುತ್ತಾರೆ. ಎರಡು ಕ್ಯಾಂಡಲ್ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡುತ್ತಾರೆ. ಬಿಸಿಲಿಗೆ ಡ್ರಾಕುಲಾ ಬೂದಿ. ಕೋರ್ಟು ನಾಶ ಮಾಡಿ ಎಂದಿದ್ದ ಚಿತ್ರದ ಆ ಬಿಸಿಲು ಈಗ ಡ್ರಾಕುಲಾನ ಹೆಸರಿಗೇ ಅಂಟಿಕೊಂಡಿತು. ಪುಸ್ತಕದವನು ಹಗಲಲ್ಲಿ ಓಡಾಡಿದ್ದ ಅನ್ನುವುದು ಹೆಚ್ಚಿನವರಿಗೆ ಮರೆತೇ ಹೋಯಿತು. 1992ರ ಹಾಲಿವುಡ್ ಚಿತ್ರದಲ್ಲಿ ಅವನು ಮತ್ತೆ ಹಗಲಿಗೆ ಬಂದಾಗ, ಅದು ಮೂಲಕ್ಕೆ ಹತ್ತಿರ ಹೋಗಿದ್ದರೂ ನೋಡುವವರಿಗೆ ತಪ್ಪಿನಂತೆ ಕಂಡಿತು.

ಇದರಲ್ಲಿ ಯಾರನ್ನೂ ದೂರಬೇಕಾಗಿಲ್ಲ. ಪ್ರತಿಯೊಬ್ಬರೂ ಅವತ್ತಿನ ಕಷ್ಟಕ್ಕೆ ಒಂದು ದಾರಿ ಹುಡುಕಿದರು, ಆಮೇಲೆ ಬಂದವರು ಅದನ್ನೇ ಶಾಸ್ತ್ರ ಅಂದುಕೊಂಡರು. ಶಾಸ್ತ್ರವಾದ ಮೇಲೆ ಅದರಲ್ಲಿ ಭಯ ಇರುವುದಿಲ್ಲ. ವ್ಯಾಂಪೈರ್ ಹತ್ತಿರ ಬರದಂತೆ ಕಟ್ಟುವ ಬೆಳ್ಳುಳ್ಳಿ ಮಾಲೆ ಕಂಡರೆ ಈಗ ನಗು ಬರುತ್ತದೆ.

ಒಂದು ನಿಯಮಕ್ಕೆ ಮಾತ್ರ ಯಾರೂ ಜಾಸ್ತಿ ಕೈ ಹಾಕಿರಲಿಲ್ಲ. ಕರೆಯದೆ ಒಳಗೆ ಬರುವಂತಿಲ್ಲ ಸರಿ. ಬಂದರೆ ಏನಾಗುತ್ತದೆ? 2008ರಲ್ಲೇ, ಬಿಸಿಲಲ್ಲಿ ಹೊಳೆಯುವ ಹುಡುಗನ ಬಗ್ಗೆ ಎಲ್ಲರೂ ಕಿತ್ತಾಡುತ್ತಿದ್ದ ವರ್ಷ, ಸ್ವೀಡನ್ನಿನ 'ಲೆಟ್ ದ ರೈಟ್ ಒನ್ ಇನ್' ಚಿತ್ರದಲ್ಲಿ ಹನ್ನೆರಡರ ಹುಡುಗ ಬಾಗಿಲ ಹೊರಗೆ ನಿಂತ ವ್ಯಾಂಪೈರ್ ಏಲಿಯನ್ನು ಇದೇ ಪ್ರಶ್ನೆ ಕೇಳುತ್ತಾನೆ. ಗಾಳಿಯಲ್ಲಿ ಕೈಯಾಡಿಸಿ, ಇಲ್ಲಿ ಏನಾದರೂ ಅಡ್ಡ ಇದೆಯಾ ಅನ್ನುತ್ತಾನೆ. ಸುಮ್ನೆ ತಮಾಷೆಗೆ. ಏಲಿ ಉತ್ತರ ಕೊಡದೆ ಒಳಗೆ ಕಾಲಿಡುತ್ತಾಳೆ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಬೆನ್ನಿನ ಬಟ್ಟೆಯಲ್ಲಿ ಕೆಂಪು ಒಸರುತ್ತದೆ, ಕಣ್ಣಿಂದ, ಕಿವಿಯಿಂದ ರಕ್ತ. ಹುಡುಗ ಓಡಿಬಂದು ತಬ್ಬಿಕೊಳ್ಳುತ್ತಾನೆ. ನೀನು ಬರಬಹುದು ಅಂತ ಕೂಗುತ್ತಾನೆ.