ಎರಡಡಿ ನೀರು ಸಾಕಾಗುತ್ತಿದ್ದ ಚಕ್ರದ ಹಡಗುಗಳು

1845ರಲ್ಲಿ ಬ್ರಿಟಿಷ್ ನೌಕಾಪಡೆ ಒಂದು ಪಂದ್ಯ ನಡೆಸಿತು. ರ‍್ಯಾಟ್ಲರ್ ಅನ್ನೋ ಪ್ರೊಪೆಲರ್ ಹಡಗಿಗೂ ಅಲೆಕ್ಟೋ ಅನ್ನೋ ಚಕ್ರದ ಹಡಗಿಗೂ, ಅಂದರೆ ಹಲಗೆ ಜೋಡಿಸಿದ ದೊಡ್ಡ ಚಕ್ರಗಳಿಂದ ನೀರು ತಳ್ಳಿಕೊಂಡು ಹೋಗುವ ಹಡಗಿಗೂ, ಹಗ್ಗ ಕಟ್ಟಿ ಎಳೆಸಿದರು. ರ‍್ಯಾಟ್ಲರ್ ಗೆದ್ದಿತು, ಅಲೆಕ್ಟೋವನ್ನು ಹಿಂದಕ್ಕೆ ಎಳೆದುಕೊಂಡೇ ಹೋಯಿತು. ಚಕ್ರದ ಕಾಲ ಅಲ್ಲಿಗೆ ಮುಗಿಯಿತು ಅಂತ ಎಷ್ಟೋ ಜನ ಎಂಜಿನಿಯರ್‌ಗಳೂ ನಂಬಿದ್ದಾರೆ. ಸಮುದ್ರದ ಮಟ್ಟಿಗೆ ಅದು ಸರಿ. ನದಿಗೆ ಅದು ಹೊಂದುವುದಿಲ್ಲ. ಅದರ ಹಿಂದಿನ ವರ್ಷವಷ್ಟೇ ಕಲ್ಕತ್ತಾದಲ್ಲಿ ಇಂಡಿಯಾ ಜನರಲ್ ಸ್ಟೀಮ್ ನ್ಯಾವಿಗೇಷನ್ ಕಂಪನಿ ಶುರುವಾಗಿತ್ತು. ಗಂಗೆ, ಬ್ರಹ್ಮಪುತ್ರ ಮತ್ತು ಬಂಗಾಳದ ನದಿಗಳಲ್ಲಿ ಚಕ್ರದ ಹಡಗುಗಳು ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಓಡಿದವು.

ಒಳನಾಡಿನ ದೋಣಿಗಳ ಎಂಜಿನ್ ಕೆಲಸ ನನ್ನದು. ಹೊಸ ದೋಣಿ ಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ವೇಗದ ಬಗ್ಗೆ ಕೇಳುವುದಿಲ್ಲ. ಬೇಸಿಗೆಯಲ್ಲಿ ನೀರು ಎಷ್ಟು ಆಳ ಇರುತ್ತದೆ ಅಂತ ಕೇಳುತ್ತೇನೆ. ಪ್ರೊಪೆಲರ್ ಪೂರ್ತಿ ಮುಳುಗಿರಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಸುಮ್ನೆ ತಿರುಗುತ್ತದೆ. ನೀರು ಕಡಿಮೆಯಾದರೆ ಮರಳಿಗೆ ತಗಲುತ್ತದೆ. ಚಕ್ರಕ್ಕೆ ಆ ತೊಂದರೆ ಇಲ್ಲ. ಚಕ್ರ ಎಷ್ಟೇ ದೊಡ್ಡದಿರಲಿ, ನೀರಿಗೆ ಇಳಿಯುವುದು ಅದರ ಕೆಳಗಿನ ಕೆಲವು ಹಲಗೆಗಳು ಮಾತ್ರ. ಆಗಿನ ಹಬೆ ಎಂಜಿನ್‌ಗಳು ನಿಧಾನವಾಗಿ ತಿರುಗುತ್ತಿದ್ದವು, ಚಕ್ರಕ್ಕೂ ಅದೇ ವೇಗ ಬೇಕಿತ್ತು, ಹಾಗಾಗಿ ನಡುವೆ ಗೇರ್ ಇಲ್ಲದೆ ನೇರವಾಗಿ ಜೋಡಿಸಬಹುದಿತ್ತು. ಮರದ ಹಲಗೆ ಮುರಿದರೆ ದಡದಲ್ಲೇ ಬಡಗಿ ಬೇರೆ ಹಾಕಿಕೊಡುತ್ತಿದ್ದ. ಸಮುದ್ರದಲ್ಲಿ ಹಡಗು ಹೊಯ್ದಾಡಿದಾಗ ಒಂದು ಚಕ್ರ ಮೇಲಕ್ಕೆದ್ದು ಇನ್ನೊಂದು ಪೂರ್ತಿ ಮುಳುಗುತ್ತದೆ, ಅಲ್ವಾ? ಅಲೆಯಿಲ್ಲದ ನದಿಯಲ್ಲಿ ಅದರ ಭಯವೂ ಇರಲಿಲ್ಲ.

ನಮ್ಮ ದೇಶದಲ್ಲಿ ಇದು ಶುರುವಾದದ್ದು ಬೇಗ. 1823ರಲ್ಲೇ ಕಲ್ಕತ್ತಾದ ಖಿದಿರ್‌ಪುರದಲ್ಲಿ ಡಯಾನಾ ಅನ್ನೋ ಸ್ಟೀಮರ್ ನೀರಿಗಿಳಿಯಿತು. ಮುಂದಿನ ವರ್ಷ ಅದನ್ನು ಬರ್ಮಾ ಯುದ್ಧಕ್ಕೆ ಕಳಿಸಿದರು. 1834ರಲ್ಲಿ ಕಲ್ಕತ್ತಾದಿಂದ ಅಲಹಾಬಾದಿಗೆ ಲಾರ್ಡ್ ವಿಲಿಯಂ ಬೆಂಟಿಂಕ್ ಅನ್ನೋ ಕಬ್ಬಿಣದ ಸ್ಟೀಮರ್ ಓಡಿತು. ಅದರ ಬಿಡಿಭಾಗಗಳನ್ನು ಇಂಗ್ಲೆಂಡಿನಿಂದ ತರಿಸಿ ಇಲ್ಲಿ ಜೋಡಿಸಿದ್ದರು. ಉದ್ದ 120 ಅಡಿ, ನೀರಿನೊಳಗೆ ಇಳಿಯುತ್ತಿದ್ದದ್ದು ಸುಮಾರು ಎರಡೇ ಅಡಿ! ಇಷ್ಟು ಹಗುರ ಇರಿಸಲು ಒಂದು ಉಪಾಯ ಮಾಡಿದ್ದರು. ಹಡಗಿನಲ್ಲಿ ಎಂಜಿನ್, ಬಾಯ್ಲರ್, ಕಲ್ಲಿದ್ದಲು ಅಷ್ಟೇ. ಪ್ರಯಾಣಿಕರು ಹಿಂದೆ ಕಟ್ಟಿದ ಇನ್ನೊಂದು ದೋಣಿಯಲ್ಲಿ. ಬೇಸಿಗೆಯಲ್ಲಿ ಭಾಗೀರಥಿಯಲ್ಲಿ, ಅಂದರೆ ಗಂಗೆಯಿಂದ ಕಲ್ಕತ್ತಾ ಕಡೆಗೆ ಹರಿಯುವ ಕವಲಿನಲ್ಲಿ, ಎರಡಡಿ ನೀರೂ ಸಿಗುತ್ತಿರಲಿಲ್ಲ. ಆಗ ಸುಂದರಬನದ ಕಡೆಯಿಂದ ನೂರಾರು ಮೈಲಿ ಸುತ್ತಿಕೊಂಡು ಹೋಗಬೇಕಿತ್ತು. ದಾರಿಯುದ್ದಕ್ಕೂ ಕಲ್ಲಿದ್ದಲು ಇಳಿಸಿ ಇಟ್ಟಿರುತ್ತಿದ್ದರು. ರಾಣಿಗಂಜ್ ಗಣಿ ಕೊಂಡಿದ್ದ ದ್ವಾರಕಾನಾಥ ಟಾಗೋರ್, ಅಂದರೆ ರವೀಂದ್ರರ ಅಜ್ಜ, ಈ ವ್ಯಾಪಾರಕ್ಕೆ ಇಳಿದದ್ದು ಹೀಗೆ.

ಹಡಗಿಗಿಂತ ನನಗೆ ಜಾಸ್ತಿ ಇಷ್ಟವಾಗುವುದು ದಾರಿ ಮಾಡಿಕೊಡುತ್ತಿದ್ದವರ ಕೆಲಸ. ಈ ನದಿಗಳಲ್ಲಿ ಮರಳು ಒಂದು ಕಡೆ ನಿಲ್ಲುವುದಿಲ್ಲ, ಹೋದ ವಾರ ಹಡಗು ಹೋದ ಜಾಗದಲ್ಲಿ ಈ ವಾರ ದಿಬ್ಬ ಇರಬಹುದು, ಆದ್ದರಿಂದ ಖಲಾಸಿಗಳು, ಅಂದರೆ ಹಡಗಿನ ಕೆಲಸಗಾರರು, ಮುಂದೆ ನಿಂತು ಬಿದಿರು ಗಳು ಇಳಿಸಿ ಆಳ ಕೂಗುತ್ತಿದ್ದರು, ಅವರ ಮುಖ್ಯಸ್ಥನಾದ ಸಾರಂಗ್ ಅದನ್ನು ಕೇಳಿಕೊಂಡು ಹಡಗು ತಿರುಗಿಸುತ್ತಿದ್ದ. ನೀರು ತೀರಾ ಇಳಿದ ಕಡೆ ಬಂಡಾಲ್ ಕಟ್ಟುತ್ತಿದ್ದರು. ಬಿದಿರಿನ ಗಳುಗಳನ್ನು ನೆಟ್ಟು, ಅದಕ್ಕೆ ಬಿದಿರಿನ ತಟ್ಟಿಗಳನ್ನು ಹರಿವಿಗೆ ಓರೆಯಾಗಿ ಕಟ್ಟುವುದು. ತಟ್ಟಿ ತಳದವರೆಗೆ ಇರುವುದಿಲ್ಲ. ಮೇಲಿನ ನೀರು ತಟ್ಟಿಗೆ ತಗಲಿ ಹಡಗು ಓಡುವ ದಾರಿಯ ಕಡೆಗೆ ತಿರುಗಿ ಅಲ್ಲಿನ ಮರಳನ್ನು ಕೊರೆಯುತ್ತದೆ. ಮರಳು ತುಂಬಿದ ತಳದ ನೀರು ತಟ್ಟಿಯ ಅಡಿಯಿಂದ ನುಸುಳಿ ಹಿಂದೆ ಮರಳನ್ನು ಬಿಡುತ್ತದೆ. ಡ್ರೆಜರ್ ಬೇಡ, ನದಿಯೇ ತನ್ನ ತಳ ಅಗೆದುಕೊಳ್ಳುತ್ತದೆ. ಬ್ರಹ್ಮಪುತ್ರದಲ್ಲಿ ಈಗಲೂ ಬಂಡಾಲ್ ಕಟ್ಟುತ್ತಾರೆ. ಎಂಜಿನಿಯರಿಂಗ್ ಓದುವ ಹುಡುಗರಿಗೆ ಇದನ್ನು ತೋರಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

1860ರ ದಶಕದಲ್ಲಿ ರೈಲು ಗಂಗೆಯ ಊರುಗಳ ವ್ಯಾಪಾರ ಕಿತ್ತುಕೊಂಡಿತು. ಸ್ಟೀಮರ್‌ಗಳು ಪೂರ್ವಕ್ಕೆ, ಅಸ್ಸಾಮಿನ ಚಹಾ ತರಲು ಹೋದವು. 1871ರಲ್ಲಿ ರೈಲು, ಈಗ ಬಾಂಗ್ಲಾದೇಶದಲ್ಲಿರುವ ನದಿದಡದ ಗೋಯಲಂದೋ ಘಾಟಿಗೆ ಬಂತು. ಜನ ಅಲ್ಲಿ ರೈಲು ಇಳಿದು ಸ್ಟೀಮರ್ ಹತ್ತುತ್ತಿದ್ದರು. ಅಲ್ಲಿನ ಖಲಾಸಿಗಳು ಮಾಡುತ್ತಿದ್ದ ಖಾರದ ಕೋಳಿ ಸಾರನ್ನು ಬಂಗಾಳಿಗಳು ಇವತ್ತಿಗೂ ಸ್ಟೀಮರ್ ಹೆಸರಲ್ಲೇ ಮಾಡುತ್ತಾರೆ. 1965ರ ಯುದ್ಧದಲ್ಲಿ ಪೂರ್ವ ಪಾಕಿಸ್ತಾನದ ದಾರಿ ಮುಚ್ಚಿತು, ಅಸ್ಸಾಮಿನ ಸಂಚಾರ ನಿಂತಿತು.

ಚಕ್ರವನ್ನು ನದಿಯಲ್ಲೂ ಮೂಲೆಗೆ ಸರಿಸಿದ್ದು ಹಡಗಿನ ಹೊಟ್ಟೆಯ ಒಂದು ಮಾರ್ಪಾಡು. ಹಿಂಭಾಗದ ತಳವನ್ನು ಸುರಂಗದ ಹಾಗೆ ಒಳಕ್ಕೆ ತೋಡಿ ಪ್ರೊಪೆಲರನ್ನು ಅದರೊಳಗೆ ಕೂರಿಸಿದರು. ಅದು ತಿರುಗಲು ಶುರುವಾದರೆ ನೀರು ತಾನಾಗಿ ಮೇಲೆ ಸೆಳೆದುಕೊಂಡು ಸುರಂಗ ತುಂಬುತ್ತದೆ. ಹಗುರವಾದ ಡೀಸೆಲ್ ಎಂಜಿನ್ ಬಂದ ಮೇಲೆ ಚಕ್ರದ ಅಗತ್ಯವೇ ಉಳಿಯಲಿಲ್ಲ. ಹಾಗಿದ್ದರೂ 2023ರಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್ ಹಡಗಿಗೆ 1.4 ಮೀಟರ್, ಅಂದರೆ ನಾಲ್ಕೂವರೆ ಅಡಿ ನೀರು ಬೇಕು.

ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ 1940ರ ದಶಕದಲ್ಲಿ ಕಟ್ಟಿದ ಭೋಪಾಲ್ ಅನ್ನೋ ಚಕ್ರದ ಹಡಗನ್ನು ಕೋಲ್ಕತ್ತಾ ಬಂದರಿನವರು ರಿಪೇರಿ ಮಾಡಿಸಿ ಉಳಿಸಿಕೊಂಡಿದ್ದಾರೆ. ಆ ಕಡೆ ಹೋದರೆ ಬಿಡುವು ಮಾಡಿಕೊಂಡು ನೋಡಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.