ತನ್ನದೇ ಟ್ಯೂನ್ ಕದ್ದ ಆರೋಪ: ಒಂದು ಹಳೇ ಜಗಳದ ಹಿನ್ನೆಲೆ

ಹೆಸರಾಂತ ಸಂಗೀತಗಾರರ ಹೊಸ ಹಾಡು ಹೊರಬಂದ ಕೂಡಲೇ ಒಂದು ಮಾತು ಬೆನ್ನಿಗೇ ಬರುತ್ತದೆ: ‘ಇದು ಅವರದೇ ಹಳೇ ಹಾಡು ಅಲ್ವಾ?’ ಸಂಜೆಯೊಳಗೆ ಯಾರಾದರೂ ಎರಡೂ ಹಾಡುಗಳ ತುಣುಕನ್ನು ಅಕ್ಕಪಕ್ಕ ಇಟ್ಟು ವಿಡಿಯೊ ಮಾಡಿರುತ್ತಾರೆ. ಒಬ್ಬರು ‘ಸರಕು ಖಾಲಿಯಾಗಿದೆ’ ಅನ್ನುತ್ತಾರೆ. ಇನ್ನೊಬ್ಬರು ‘ಬೇಕಂತಲೇ ಮಾಡಿದ್ದು, ಹಳೇ ಕೇಳುಗರಿಗೆ ಅಂತಲೇ ಇಟ್ಟಿದ್ದು’ ಅನ್ನುತ್ತಾರೆ. ಮತ್ತೊಬ್ಬರು ಹಳೇ ಹಾಡಿನ ಹಕ್ಕು ಯಾರ ಹತ್ತಿರ ಇದೆ ಎಂದು ಕೇಳುತ್ತಾರೆ. ಮೂರೂ ಬೇರೆ ಬೇರೆ ವಿಷಯ. ಮೂರನ್ನೂ ಒಟ್ಟಿಗೆ ಕಲಸಿ ಮಾತಾಡುವುದರಿಂದಲೇ ಈ ಜಗಳ ಬಗೆಹರಿಯುವುದಿಲ್ಲ. ಯಾವ ಪ್ರಶ್ನೆ ಯಾವ ಕಾಲದಲ್ಲಿ ಹುಟ್ಟಿತು ಎಂದು ನೋಡಿದರೆ ಗಂಟು ಸ್ವಲ್ಪ ಸಡಿಲವಾಗುತ್ತದೆ.

ರೆಕಾರ್ಡಿಂಗ್ ಬರುವ ಮೊದಲು ತನ್ನ ಹಳೇ ಟ್ಯೂನನ್ನು ಮತ್ತೆ ಬಳಸುವುದನ್ನು ಸಾಮಾನ್ಯವಾಗಿ ತಪ್ಪು ಎಂದು ನೋಡುತ್ತಿರಲಿಲ್ಲ. ಜರ್ಮನಿಯಲ್ಲಿ ಹುಟ್ಟಿದ ಸಂಗೀತಗಾರ ಹ್ಯಾಂಡಲ್ 1705ರಲ್ಲಿ ಹ್ಯಾಂಬರ್ಗ್‌ನ ಒಂದು ಒಪೆರಾದಲ್ಲಿ (ಹಾಡಿನಲ್ಲೇ ಸಾಗುವ ನಾಟಕ) ನೃತ್ಯಕ್ಕೆಂದು ಮಾಡಿದ ಮಟ್ಟನ್ನು 1707ರಲ್ಲಿ ರೋಮ್‌ನಲ್ಲಿ ಹಾಡಾಗಿಸಿದ. 1711ರಲ್ಲಿ ಲಂಡನ್ನಿನ ‘ರಿನಾಲ್ಡೊ’ ಒಪೆರಾಕ್ಕೆ ಅದೇ ಮಟ್ಟಿಗೆ ಬೇರೆ ಮಾತು ಹಾಕಿದ. ‘ಲಾಶಾ ಕಿಯೊ ಪಿಯಾಂಗಾ’ ಎಂದು ಇವತ್ತಿಗೂ ಎಲ್ಲರೂ ಹಾಡುವುದು ಆ ಮೂರನೆಯ ರೂಪವನ್ನೇ. ಬಾಖ್ 1733ರ ಡಿಸೆಂಬರ್‌ನಲ್ಲಿ ರಾಣಿಯ ಹುಟ್ಟುಹಬ್ಬಕ್ಕೆ ಬರೆದ ಸಂಗೀತವನ್ನು ಮರುವರ್ಷದ ಕ್ರಿಸ್‌ಮಸ್ ಒರಟೋರಿಯೊಕ್ಕೆ (ಅಭಿನಯವಿಲ್ಲದೆ ಹಾಡುವ ಧಾರ್ಮಿಕ ಕಥನ) ತಂದ. ಮೊದಲನೆಯದು ‘ನಗಾರಿಗಳೇ ಮೊಳಗಿ’ ಎಂಬ ಅರ್ಥದ ಸಾಲಿನಿಂದ ಶುರುವಾಗುತ್ತಿತ್ತು. ಹಾಗಾಗಿ ಮೊದಲು ಬರುವುದೇ ನಗಾರಿಯ ಪೆಟ್ಟು. ಎರಡನೆಯದರಲ್ಲಿ ಆ ಸಾಲು ಹೋಗಿ ‘ಹರ್ಷಿಸಿ’ ಎಂಬ ಮಾತು ಬಂತು. ನಗಾರಿ ಮಾತ್ರ ಅಲ್ಲೇ ಉಳಿಯಿತು. ರಾಣಿಗಾಗಿ ಬರೆದದ್ದು ಒಂದೆರಡು ಸಲ ನುಡಿಸಿ ಮುಗಿದುಹೋಗುವ ಸಂಗೀತ. ಅದನ್ನು ಪ್ರತಿ ವರ್ಷ ಬರುವ ಹಬ್ಬಕ್ಕೆ ಕಟ್ಟಿದ್ದರಿಂದಲೇ ಅದು ಇವತ್ತಿಗೂ ಬದುಕಿದೆ. ರೊಸ್ಸಿನಿಯಂತೂ 1813ರಲ್ಲಿ ಮಿಲಾನ್‌ನಲ್ಲಿ ಒಂದು ಗಂಭೀರ ಒಪೆರಾಕ್ಕೆ ಬರೆದ ಪೀಠಿಕಾ ಸಂಗೀತವನ್ನು 1815ರಲ್ಲಿ ನೇಪಲ್ಸ್‌ನಲ್ಲಿ ಬಳಸಿ, 1816ರಲ್ಲಿ ರೋಮ್‌ನ ‘ಬಾರ್ಬರ್ ಆಫ್ ಸೆವಿಲ್’ ಎಂಬ ಹಾಸ್ಯ ಒಪೆರಾಕ್ಕೂ ಹಾಕಿದ. ಊರು ಬೇರೆ, ಕೇಳುಗರು ಬೇರೆ. ಒಮ್ಮೆ ಕೇಳಿದ್ದು ಮತ್ತೆ ಕಿವಿಗೆ ಬೀಳುವುದೇ ಅಪರೂಪವಾಗಿದ್ದ ಕಾಲ ಅದು.

ಆ ಕಾಲದಲ್ಲೇ ಇನ್ನೊಂದು ಬಗೆಯೂ ಇತ್ತು. ಗುರುತು ಸಿಗಲಿ ಎಂದೇ ಹಳೆಯದನ್ನು ತರುವುದು. ಮೊಜಾರ್ಟ್‌ನ ‘ಡಾನ್ ಜಿಯೊವಾನ್ನಿ’ 1787ರ ಅಕ್ಟೋಬರ್‌ನಲ್ಲಿ ಪ್ರಾಗ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂತು. ಕೊನೆಯ ಅಂಕದಲ್ಲಿ ನಾಯಕ ಊಟಕ್ಕೆ ಕೂತಿರುತ್ತಾನೆ. ರಂಗದ ಮೇಲೆಯೇ ಒಂದು ವಾದ್ಯವೃಂದ ಅವನಿಗಾಗಿ ನುಡಿಸುತ್ತಿರುತ್ತದೆ. ಮೊದಲು ಬೇರೆ ಇಬ್ಬರು ಸಂಗೀತಗಾರರ ಜನಪ್ರಿಯ ಒಪೆರಾಗಳ ತುಣುಕು. ಆಮೇಲೆ ಮೊಜಾರ್ಟ್‌ನದೇ ಹಿಂದಿನ ಒಪೆರಾ ‘ಫಿಗಾರೊ’ದ ಹಾಡು. ಆಗ ಸೇವಕ ಲೆಪೊರೆಲ್ಲೊ, ಇದಂತೂ ಬೇಡವೆಂದರೂ ಗೊತ್ತು ಎಂಬರ್ಥದ ಮಾತು ಹಾಡುತ್ತಾನೆ. ಅದೇ ವರ್ಷದ ಆರಂಭದಲ್ಲಿ ಪ್ರಾಗ್‌ನಲ್ಲಿ ಎಲ್ಲರ ಬಾಯಲ್ಲೂ ‘ಫಿಗಾರೊ’. ಅಂದಮೇಲೆ ಪ್ರೇಕ್ಷಕರು ಗುರುತಿಸದೇ ಇರಲು ಸಾಧ್ಯವೇ ಇರಲಿಲ್ಲ. ಇಲ್ಲಿ ಕೇಳುಗರ ನೆನಪೇ ದೃಶ್ಯದ ಒಂದು ಭಾಗ.

ಈ ಎರಡು ಬಗೆಗಳ ನಡುವಿನ ವ್ಯತ್ಯಾಸವೇ ನನ್ನ ಮಟ್ಟಿಗೆ ಮುಖ್ಯ. ಒಂದರಲ್ಲಿ ಕೇಳುಗ ಹಳೆಯದನ್ನು ಕೇಳಿಲ್ಲ ಎಂಬ ಭರವಸೆ. ಇನ್ನೊಂದರಲ್ಲಿ ಕೇಳಿಯೇ ಇರುತ್ತಾನೆ ಎಂಬ ಭರವಸೆ. ಮುಂದಿನ ನೂರು ವರ್ಷ ಎರಡನೆಯದು ಬೆಳೆಯಿತು. ಶೂಬರ್ಟ್ ತನ್ನ ಹಾಡುಗಳನ್ನೇ ದೊಡ್ಡ ವಾದ್ಯ ಕೃತಿಗಳಾಗಿ ಹಿಗ್ಗಿಸಿದ, ವಾಗ್ನರ್ ಒಂದು ಒಪೆರಾದೊಳಗೆ ತನ್ನ ಇನ್ನೊಂದು ಒಪೆರಾದ ಹೆಸರು ಹೇಳಿಸಿ ಅದರ ಸ್ವರಗಳನ್ನೂ ನುಡಿಸಿದ, ಮಾಹ್ಲರ್ ತನ್ನ ಹಾಡಿನ ಮೇಲೆ ಸಿಂಫನಿ (ಇಡೀ ವಾದ್ಯವೃಂದದ ದೊಡ್ಡ ಕೃತಿ) ಕಟ್ಟಿದ. ಇದರ ತುತ್ತತುದಿ ಎಂದರೆ ರಷ್ಯಾದ ಶೊಸ್ತಕೊವಿಚ್ 1960ರಲ್ಲಿ ನಾಲ್ಕು ತಂತಿವಾದ್ಯಗಳಿಗೆ ಬರೆದ ಎಂಟನೇ ಸ್ಟ್ರಿಂಗ್ ಕ್ವಾರ್ಟೆಟ್. ತನ್ನ ಹೆಸರಿನ ಅಕ್ಷರಗಳಿಂದ ಮಾಡಿದ ನಾಲ್ಕು ಸ್ವರಗಳ ಸುತ್ತ, ಮೊದಲ ಸಿಂಫನಿಯಿಂದ ಹಿಡಿದು ಆಗಷ್ಟೇ ಬರೆದಿದ್ದ ಚೆಲ್ಲೊ ಕನ್ಸರ್ಟೊವರೆಗೆ ತನ್ನದೇ ಹಳೇ ಕೃತಿಗಳನ್ನು ಅವನು ಒಂದೊಂದಾಗಿ ಕರೆತರುತ್ತಾನೆ. ಅದನ್ನು ಕೇಳಿ ‘ಸರಕು ಖಾಲಿ’ ಎನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ.

ರೆಕಾರ್ಡ್ ಮತ್ತು ರೇಡಿಯೊ ಬಂದಮೇಲೆ ಮೊದಲ ಭರವಸೆ ಕುಸಿಯತೊಡಗಿತು. ಹಳೇ ಹಾಡು ಮನೆಯಲ್ಲೇ ಇರುತ್ತದೆ, ಬೇಕೆಂದಾಗ ಹಾಕಿ ನೋಡಬಹುದು. ಆದರೂ ಚಿತ್ರಸಂಗೀತದಲ್ಲಿ ಆ ಭರವಸೆ ಬಹಳ ಕಾಲ ಉಳಿಯಿತು. ಒಂದು ಭಾಷೆಯ ಚಿತ್ರದ ಹಾಡು ಇನ್ನೊಂದು ಭಾಷೆಯವರ ಕಿವಿಗೆ ಬೀಳುತ್ತಿದ್ದದ್ದು ಕಡಿಮೆ. ಸಲಿಲ್ ಚೌಧರಿ ಬಂಗಾಳಿ, ಹಿಂದಿ, ಮಲಯಾಳಂ ನಡುವೆ ತಮ್ಮ ಟ್ಯೂನ್‌ಗಳನ್ನು ಓಡಾಡಿಸಿದರು. ಇಳಯರಾಜ 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ಕ್ಕೆ ಮಾಡಿದ ‘ಜೊತೆಯಲಿ ಜೊತೆ ಜೊತೆಯಲಿ’ 1984ರಲ್ಲಿ ತಮಿಳಿನಲ್ಲಿ ಅದೇ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅದೇ ಎಸ್. ಜಾನಕಿ ದನಿಯಲ್ಲಿ ಬಂತು. 2007ರಲ್ಲಿ ‘ಚೀನಿ ಕಮ್’ ಚಿತ್ರದಲ್ಲಿ ಶ್ರೇಯಾ ಘೋಷಾಲ್ ದನಿಯಲ್ಲಿ ಹಿಂದಿಗೆ ಹೋಯಿತು. ಹಿಂದಿ ರೂಪ ನಿಧಾನ, ಮೆತ್ತಗೆ. ಕನ್ನಡದ್ದು ಕುದುರೆಯ ನಾಗಾಲೋಟದಂತೆ ಓಡುತ್ತದೆ. ಅದನ್ನು ಕೇಳಿ ಬೆಳೆದವರಿಗೆ ಹಿಂದಿಯದು ಮೊದಲ ಸಲ ಸ್ವಲ್ಪ ಸಪ್ಪೆ ಅನಿಸಿದರೂ ಆಶ್ಚರ್ಯವಿಲ್ಲ. ಆದರೆ ಒಂದೇ ಸ್ವರಸಾಲು ಇಷ್ಟು ಬೇರೆ ಭಾವವನ್ನು ಹೊರಬಲ್ಲದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದೇ ಕೆಲಸಕ್ಕೆ ಇನ್ನೊಂದು ಕಡೆ ಶಿಕ್ಷೆಯೂ ಆಯಿತು. ‘ಗಾಡ್‌ಫಾದರ್’ ಚಿತ್ರದ ಸಂಗೀತಕ್ಕೆ ನಿನೊ ರೋಟಾ ಆಸ್ಕರ್ ನಾಮನಿರ್ದೇಶನ ಪಡೆದಿದ್ದರು. ಅದರ ಪ್ರೇಮದ ಸಂಗೀತ 1958ರ ‘ಫೋರ್ಚುನೆಲ್ಲಾ’ ಎಂಬ ಇಟಾಲಿಯನ್ ಚಿತ್ರಕ್ಕೆ ಅವರೇ ಮಾಡಿದ್ದು ಎಂದು ಗೊತ್ತಾದಾಗ, 1973ರಲ್ಲಿ ನಾಮನಿರ್ದೇಶನ ವಾಪಸಾಯಿತು. ಹಳೆಯದು ಲವಲವಿಕೆಯ ಧಾಟಿ, ಹೊಸದು ನಿಧಾನ, ವಿಷಾದ. ಎರಡು ವರ್ಷದ ನಂತರ ಚಿತ್ರದ ಎರಡನೇ ಭಾಗದ ಸಂಗೀತಕ್ಕೆ ರೋಟಾ ಮತ್ತು ಕಾರ್ಮೈನ್ ಕೊಪ್ಪೊಲಾಗೆ ಆಸ್ಕರ್ ಬಂತು. ಆ ಭಾಗದಲ್ಲೂ ಅದೇ ಪ್ರೇಮದ ಸಂಗೀತ ಕೇಳಿಸುತ್ತದೆ.

ಚಿತ್ರಸಂಗೀತದ ಬಗ್ಗೆ ಮಾತಾಡುವಾಗ ಒಂದು ವಿಷಯ ಹೇಳಲೇಬೇಕು. ಸಂಕಲನದ ಹೊತ್ತಿಗೆ ದೃಶ್ಯಕ್ಕೆ ತಾತ್ಕಾಲಿಕವಾಗಿ ಯಾವುದಾದರೂ ಹಳೇ ಸಂಗೀತ ಹಾಕಿಟ್ಟುಕೊಳ್ಳುವುದು ಹಾಲಿವುಡ್‌ನಲ್ಲಿ ಮಾಮೂಲು. ಟೆಂಪ್ ಟ್ರ್ಯಾಕ್ ಅನ್ನುತ್ತಾರೆ. ಎಷ್ಟೋ ಸಲ ಅದು ಆ ಸಂಗೀತಗಾರರದೇ ಹಿಂದಿನ ಚಿತ್ರದ್ದು. ತಿಂಗಳುಗಟ್ಟಲೆ ಅದನ್ನೇ ಕೇಳಿದವರು ಕೊನೆಗೆ ‘ಇದರ ಥರಾನೇ ಬೇಕು’ ಅನ್ನುತ್ತಾರೆ. ಆಮೇಲೆ ಬೈಸಿಕೊಳ್ಳುವುದು ಮಾತ್ರ ಸಂಗೀತಗಾರರು.

ಇಷ್ಟು ಹೊತ್ತೂ ಜಗಳ ಅಭಿರುಚಿಯದ್ದು, ಪ್ರಶಸ್ತಿಯದ್ದು. ಅದು ಕೋರ್ಟು ಹತ್ತಿದ ಕಥೆಯೇ ಬೇರೆ. ನನ್ನ ಪ್ರಕಾರ ಇಡೀ ವಿಷಯ ದಿಕ್ಕು ತಪ್ಪಿದ್ದೇ ಅಲ್ಲಿ.

ಅಮೆರಿಕದ ರಾಕ್ ಗಾಯಕ ಜಾನ್ ಫೊಗರ್ಟಿ 1970ರಲ್ಲಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡಕ್ಕಾಗಿ ‘ರನ್ ಥ್ರೂ ದ ಜಂಗಲ್’ ಬರೆದರು. ಹಾಡಿನ ಹಕ್ಕು ಒಪ್ಪಂದದ ಪ್ರಕಾರ ಕಂಪನಿಗೆ ಹೋಯಿತು. ತಂಡ ಒಡೆಯಿತು, ಫೊಗರ್ಟಿ ಕಂಪನಿ ಬಿಟ್ಟರು. 1985ರಲ್ಲಿ ಬೇರೆ ಕಂಪನಿಯಿಂದ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಬಂತು. ಹಳೇ ಕಂಪನಿ ದಾವೆ ಹೂಡಿತು. ಇದು ಹಳೇ ಹಾಡಿಗೇ ಬೇರೆ ಮಾತು ಹಾಕಿದ್ದು ಎಂಬುದು ಆರೋಪ. ಅಂದರೆ ಫೊಗರ್ಟಿ ಫೊಗರ್ಟಿಯನ್ನೇ ನಕಲು ಮಾಡಿದ್ದಾರೆ. ಕೇಳಲು ವಿಚಿತ್ರ. ಕಾನೂನಿನ ಲೆಕ್ಕದಲ್ಲಿ ಮಾತ್ರ ಸರಿಯಾದ ದಾವೆಯೇ. ಹಕ್ಕು ಕೈಬಿಟ್ಟ ಮೇಲೆ ಬರೆದವರೂ ಹೊರಗಿನವರೇ.

1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆಯಿತು. ಫೊಗರ್ಟಿ ಗಿಟಾರ್ ಹಿಡಿದು ಸಾಕ್ಷಿಕಟ್ಟೆಯಲ್ಲಿ ಕೂತರು. ಎರಡೂ ಹಾಡುಗಳ ತುಣುಕು ನುಡಿಸಿ, ತಾವು ಹಾಡು ಕಟ್ಟುವುದು ಹೇಗೆ ಎಂದು ತೋರಿಸಿದರು. ಜೌಗು ನೆಲದಿಂದ ಎದ್ದು ಬಂದಂಥ ಆ ಗಿಟಾರಿನ ಗುರುಗುರು ಎರಡರಲ್ಲೂ ಇದೆ. ಆದರೆ ಅದು ಶೈಲಿ. ಒಬ್ಬರ ಕೈ ತಂತಿಯ ಮೇಲೆ ಹೇಗೆ ಓಡುತ್ತದೆ ಎಂಬುದನ್ನು ಯಾವ ಒಪ್ಪಂದವೂ ಮಾರಾಟದ ಪತ್ರದಲ್ಲಿ ಸೇರಿಸಲಾಗದು. ಜ್ಯೂರಿ ಫೊಗರ್ಟಿ ಪರ ತೀರ್ಪು ಕೊಟ್ಟಿತು.

ಗೆದ್ದರೂ ಮುಗಿಯಲಿಲ್ಲ. ವಕೀಲರಿಗೆ ಅವರು ಸುರಿದದ್ದು 10 ಲಕ್ಷ ಡಾಲರಿಗೂ ಜಾಸ್ತಿ. ಅದನ್ನು ಕೊಡಿಸಿ ಎಂದರೆ ಕೆಳಗಿನ ಕೋರ್ಟುಗಳು ಒಪ್ಪಲಿಲ್ಲ. ದಾವೆ ಹಾಕಿದವರು ಗೆದ್ದರೆ ಖರ್ಚು ಸಲೀಸಾಗಿ ಸಿಗುತ್ತಿತ್ತು. ದಾವೆ ಎದುರಿಸಿದವರು ಗೆದ್ದರೆ, ಎದುರಿನವರಿಗೆ ದುರುದ್ದೇಶವಿತ್ತು ಅಥವಾ ದಾವೆಯೇ ಪೊಳ್ಳು ಎಂದು ತೋರಿಸಬೇಕಿತ್ತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಬ್ಬರಿಗೂ ಒಂದೇ ಅಳತೆ ಎಂದಿತು. ಆಮೇಲೆ ಅವರಿಗೆ ಹಣ ಸಿಕ್ಕಿತು. ಗಮನಿಸಿ, ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ವಕೀಲರ ಖರ್ಚನ್ನು ಮಾತ್ರ. ತನ್ನ ಶೈಲಿ ತನ್ನದೇ ಎಂದು ಸಾರುವ ತೀರ್ಪು ಅದಲ್ಲ. ಎಷ್ಟೋ ಕಡೆ ಇದನ್ನು ಹಾಗೆ ಬರೆಯುವುದರಿಂದ ಗೊಂದಲ ಹೆಚ್ಚಾಗಿದೆ.

ಅದೇ ಹೊತ್ತಿನಲ್ಲಿ ಇದರ ತದ್ವಿರುದ್ಧದ ದಾವೆಯೂ ಇತ್ತು. 1983ರಲ್ಲಿ ರಾಕ್ ಗಾಯಕ ನೀಲ್ ಯಂಗ್ ಮೇಲೆ ಅವರ ಕಂಪನಿ 33 ಲಕ್ಷ ಡಾಲರಿನ ಮೊಕದ್ದಮೆ ಹೂಡಿತು. ಹೊಸ ಆಲ್ಬಂಗಳು ಅವರ ಹಿಂದಿನ ಹಾಡುಗಳ ಥರ ಇಲ್ಲ ಎಂಬುದು ದೂರು. ಕೊನೆಗೆ ಅದು ಇತ್ಯರ್ಥವಾಯಿತು. ಆದರೆ ಎರಡನ್ನೂ ಒಟ್ಟಿಗೆ ನೋಡಿ. ಒಬ್ಬರಿಗೆ ತಮ್ಮ ಹಾಗೆಯೇ ಹಾಡಿದ್ದಕ್ಕೆ ದಾವೆ, ಇನ್ನೊಬ್ಬರಿಗೆ ತಮ್ಮ ಹಾಗೆ ಹಾಡದ್ದಕ್ಕೆ ದಾವೆ. ನಡುವೆ ನಿಲ್ಲಲು ಎಷ್ಟು ಜಾಗ ಉಳಿಯುತ್ತದೆ?

ಕೋರ್ಟಿನ ಹೊರಗೆ ಪಾಪ್ ಸಂಗೀತದಲ್ಲಿ ಮೊಜಾರ್ಟ್ ಮಾಡಿದ್ದೇ ನಡೆದಿತ್ತು. 1967ರ ಜೂನ್ 25ರಂದು ಉಪಗ್ರಹದ ಮೂಲಕ ಹಲವು ದೇಶಗಳಿಗೆ ನೇರ ಪ್ರಸಾರವಾದ ‘ಆಲ್ ಯು ನೀಡ್ ಈಸ್ ಲವ್’ ಕೊನೆಯಲ್ಲಿ ಬೀಟಲ್ಸ್ ತಮ್ಮ 1963ರ ‘ಶೀ ಲವ್ಸ್ ಯು’ ಸಾಲನ್ನು ಕೂಗಿದರು. ಡೇವಿಡ್ ಬೋವಿ 1969ರ ‘ಸ್ಪೇಸ್ ಆಡಿಟಿ’ ಹಾಡಿನಲ್ಲಿ ಆಕಾಶಕ್ಕೆ ಕಳಿಸಿದ್ದ ಗಗನಯಾತ್ರಿ ಮೇಜರ್ ಟಾಮ್‌ನನ್ನು 1980ರ ‘ಆ್ಯಶಸ್ ಟು ಆ್ಯಶಸ್’ನಲ್ಲಿ ವ್ಯಸನಿಯಾಗಿ ಮರಳಿ ತಂದರು. ಹಳೇ ಹಾಡಿನ ಅರ್ಥವೇ ಇದರಿಂದ ಬದಲಾಗಿಬಿಡುತ್ತದೆ. ಮೊದಲ ಹಾಡು ಗೊತ್ತಿಲ್ಲದವರಿಗೆ ಎರಡನೆಯದು ಅರ್ಧವೇ ಸಿಗುತ್ತದೆ.

ಇನ್ನು ಹಕ್ಕಿನ ಸಿಕ್ಕು. ಒಂದು ಹಾಡಿನಲ್ಲಿ ಇರುವುದು ಎರಡು ಆಸ್ತಿ. ಟ್ಯೂನ್ ಮತ್ತು ಸಾಹಿತ್ಯ ಒಂದು. ಅದನ್ನು ಹಾಡಿ ಮುದ್ರಿಸಿಕೊಂಡ ಮಾಸ್ಟರ್ ಇನ್ನೊಂದು. ಫೊಗರ್ಟಿ ಕಥೆಯಲ್ಲಿ ಕೈಬಿಟ್ಟು ಹೋಗಿದ್ದು ಟ್ಯೂನ್. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಕಥೆಯಲ್ಲಿ ಟ್ಯೂನ್ ಮತ್ತು ಸಾಹಿತ್ಯದ ಹಕ್ಕಿನಲ್ಲಿ ಅವರಿಗೆ ಪಾಲಿತ್ತು, ಮೊದಲ ಆರು ಆಲ್ಬಂಗಳ ಮಾಸ್ಟರ್ ಮಾತ್ರ ಬೇರೆಯವರ ಕೈಗೆ ಹೋಗಿತ್ತು. ಅದಕ್ಕೇ ಅವರು 2021ರಿಂದ 2023ರೊಳಗೆ ನಾಲ್ಕು ಆಲ್ಬಂಗಳನ್ನು ಹೊಸದಾಗಿ ಹಾಡಿ ಬಿಡುಗಡೆ ಮಾಡಲು ಸಾಧ್ಯವಾಯಿತು. ಇಬ್ಬರನ್ನೂ ಒಂದೇ ಉದಾಹರಣೆಯಾಗಿ ಹೇಳುವುದು ಸರಿಯಲ್ಲ. ಒಬ್ಬರಿಗೆ ತಮ್ಮ ಹಾಡಿನ ಹತ್ತಿರ ಸುಳಿಯುವುದೇ ಅಪಾಯವಾಗಿತ್ತು. ಇನ್ನೊಬ್ಬರು ಆದಷ್ಟೂ ಹತ್ತಿರ ಹೋಗಿಯೇ ಗೆದ್ದರು.

ಭಾರತದಲ್ಲಿ ಮೂರನೆಯದೇ ಒಂದು ದಾರಿ. ಹಣ ಪಡೆದು ಚಿತ್ರಕ್ಕೆ ಸಂಗೀತ ಮಾಡಿಕೊಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ನಿರ್ಮಾಪಕರೇ ಮೊದಲ ಮಾಲೀಕರು ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತ್ತು. 2012ರ ತಿದ್ದುಪಡಿ, ಸಿನಿಮಾ ಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗೆ ಸಂಗೀತಗಾರರಿಗೂ ಗೀತರಚನೆಕಾರರಿಗೂ ರಾಯಧನದ ಪಾಲು ಸಿಗಲೇಬೇಕು, ಅದನ್ನು ಬರೆದುಕೊಡಲೂ ಬರುವುದಿಲ್ಲ ಎಂದಿತು. ಪಾಲು ಸಿಗುವುದು ಒಂದು ಮಾತು, ತನ್ನ ಹಳೇ ಟ್ಯೂನನ್ನು ಇನ್ನೊಂದು ಚಿತ್ರಕ್ಕೆ ಒಯ್ಯುವ ಸ್ವಾತಂತ್ರ್ಯ ಇನ್ನೊಂದು. ಅದು ಇವತ್ತಿಗೂ ಒಪ್ಪಂದದ ಸಾಲುಗಳಲ್ಲೇ ಇದೆ.

ಫೊಗರ್ಟಿಗೆ 2023ರ ಜನವರಿಯಲ್ಲಿ ತಮ್ಮ ಹಳೇ ಹಾಡುಗಳ ಪ್ರಕಾಶನ ಹಕ್ಕಿನ, ಅಂದರೆ ಟ್ಯೂನ್ ಮತ್ತು ಸಾಹಿತ್ಯದ ಹಕ್ಕಿನ, ದೊಡ್ಡ ಪಾಲು ಮರಳಿ ಸಿಕ್ಕಿತು. 2025ರಲ್ಲಿ, 80 ತುಂಬಿದ ವರ್ಷ, ಆ ಹಾಡುಗಳನ್ನು ಅವರು ಹೊಸದಾಗಿ ಹಾಡಿ ಆಲ್ಬಂ ತಂದರು. ಅದೇ ವರ್ಷದ ಮೇ ತಿಂಗಳಲ್ಲಿ ಸ್ವಿಫ್ಟ್ ತಮ್ಮ ಮಾಸ್ಟರ್‌ಗಳನ್ನು ಕೊಂಡುಕೊಂಡದ್ದಾಗಿ ಹೇಳಿದರು. ಇವು ಸಂತೋಷದ ಸುದ್ದಿ. ಆದರೆ ಇಬ್ಬರೂ ಹೆಸರು, ಹಣ, ತಾಳ್ಮೆ ಎಲ್ಲ ಇದ್ದವರು. ಹೊಸಬರ ಒಪ್ಪಂದ ಬೇರೆಯೇ ದಿಕ್ಕಿಗೆ ಸಾಗುತ್ತಿದೆ. ಮುದ್ರಿಸಿದ ಹಾಡನ್ನು ಇಷ್ಟು ವರ್ಷ ಮತ್ತೆ ಮುದ್ರಿಸಬಾರದು ಎಂಬ ಷರತ್ತು ಮೊದಲಿನಿಂದಲೂ ಇತ್ತು. ಆ ಅವಧಿಯನ್ನು 10, 15, ಕೆಲವು ಕಡೆ 30 ವರ್ಷದವರೆಗೂ ಎಳೆಯಲು ದೊಡ್ಡ ಕಂಪನಿಗಳು ಕೇಳುತ್ತಿವೆ ಎಂದು 2023ರಲ್ಲೇ ವರದಿಯಾಗಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಅಂಥದ್ದಕ್ಕೆ ಸಹಿ ಹಾಕಿದವರು ತಮ್ಮ ಮೊದಲ ಹಾಡನ್ನು ಮತ್ತೆ ಸ್ಟುಡಿಯೊದಲ್ಲಿ ಹಾಡಬೇಕೆಂದರೆ ಐವತ್ತರವರೆಗೆ ಕಾಯಬೇಕಾಗುತ್ತದೆ.